ಕೀಬೋರ್ಡಿಗೆ ಬಳಿದ ಗಂಧ

ಆಯುಧಪೂಜೆಯ ಮರುದಿನ ಮಧುಗಿರಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಆನ್ ಮಾಡಿದರೆ, ಪರದೆಯ ಮೇಲೆ ‘ಕೀಬೋರ್ಡ್ ಎರರ್’ ಎಂದು ಬಂದು ಅಲ್ಲೇ ನಿಂತುಬಿಟ್ಟಿತು. ತೀರಿಹೋದ ಅಪ್ಪನ ಮಾತಿನ ರೆಕಾರ್ಡಿಂಗ್ ಇದ್ದದ್ದು ಅದೊಂದರಲ್ಲೇ. ಅವರ ದನಿ ನನಗೆ ಸರಿಯಾಗಿ ನೆನಪಿದೆಯೇ ಎಂಬ ಅನುಮಾನ ಹತ್ತಿ, ಅದನ್ನು ಕೇಳಲೆಂದೇ ಕೂತಿದ್ದೆ.

ಬಗ್ಗಿ ನೋಡಿದರೆ ಗಂಧ ಒಣಗಿ, ಕೀಬೋರ್ಡಿನ ಕೀಗಳು ಒತ್ತಿದಂತೆಯೇ ಅಂಟಿಕೊಂಡಿದ್ದವು.

“ಏನಮ್ಮಾ ಇದು?”

“ನಿಮ್ಮಪ್ಪ ಅದ್ರೊಳಗವ್ರಲ್ಲ, ಅದ್ಕೇ ಒಂದೀಟು ಜಾಸ್ತಿನೇ ಬಳಿದ್ಬುಟ್ಟೆ ಕಣ್ಲಾ.”

ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಆನ್ ಮಾಡಿದೆ. ಅಪ್ಪನ ಮಾತು ಕೇಳಿಸಿದ್ದೇ ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

ನನ್ನ ನೆನಪಿನಲ್ಲಿದ್ದದ್ದು ಗಡಸು ದನಿ. ಕೇಳಿಸಿದ್ದು ತೀರಾ ಮೆತ್ತನೆಯದು. ಇಂಥ ಮನುಷ್ಯನಿಗೆ ಅಷ್ಟು ವರ್ಷ ಯಾಕೆ ಹೆದರಿಕೊಂಡಿದ್ದೆನೋ, ನನಗಿನ್ನೂ ತಿಳಿದಿಲ್ಲ.