ಕಾಲು ಕೊಡುವ ಹೊತ್ತು

ನಮ್ಮವರು ನೆಲದ ಮೇಲೆ ಎರಡೂ ಕಾಲು ಚಾಚಿ ಕುಳಿತರೆಂದರೆ ಓಣಿಯ ಹೆಂಗಸರಿಗೆ ನಗು ತಡೆಯಲಾಗುತ್ತಿರಲಿಲ್ಲ. ಹಾಗೆ ಕೂರುವವರು ಬಾಣಂತಿಯ ಮನೆಯಲ್ಲಿ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಮುದುಕಿಯರು. ಇವರೋ ದಪ್ಪ ಮೀಸೆಯ ಆಳು, ಬೀದರಿನ ಪಕ್ಕದ ಕೊಳಾರದ ಗೋದಾಮಿನಲ್ಲಿ ದಿನವಿಡೀ ಚೀಲ ಹೊರುವವರು. ಸಂಜೆ ಬಂದು ಕೈಕಾಲು ತೊಳೆದು, ಲುಂಗಿ ಮೊಣಕಾಲಿಗೇರಿಸಿ, ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಕುಳಿತುಬಿಡುವರು. "ನಗ್ರಿ, ನಗ್ರಿ. ನಿಮ್ ಗಂಡಂದಿರಿಗಿ ಕಳಸ್ರಿ, ಅವರಿಗೂ ಕಲಿಸ್ತೇನಿ" ಎಂದು ಬಾಗಿಲಲ್ಲಿ ನಿಂತವರಿಗೇ ತಿರುಗಿ ಹೇಳುವರು.

ಗಂಡನ ಹೆಸರು ಹೇಳಬಾರದು ಎಂದು ನಮ್ಮ ಅತ್ತೆ ಕಲಿಸಿದ್ದರು. ಹೇಳದೆ ಇದ್ದು ನಾನು ಗಳಿಸಿದ್ದೇನು? ಬೀರಪ್ಪ ಅವರ ಹೆಸರು. ಔರಾದ ತಾಲೂಕಿನ ಸಂತಪುರದಲ್ಲಿ ಕುರಿ ಸಾಕುವ ಮನೆತನ. ನಾನು ಭಾಲ್ಕಿಯವಳು. ಮದುವೆಯಾದ ಮೇಲೆ ಬೀದರಿಗೆ ಬಂದು ಬಾಡಿಗೆಗೆ ಒಂದು ಕೋಣೆ ಹಿಡಿದೆವು. ನಮ್ಮ ಮಾಳು ಹುಟ್ಟಿದ್ದು ಆ ಕೋಣೆಗೆ ಬಂದ ಮೇಲೆಯೇ.

ಕರೆದರೆ ತಿರುಗದ, ಎತ್ತಿಕೊಂಡರೆ ಬೆನ್ನು ಬಿಲ್ಲು ಮಾಡಿ ಚೀರುವ ಕೂಸು ಅದು. ಹೆತ್ತವಳು ನಾನು, ನನ್ನ ಕೈ ತಾಕಿದರೂ ಒದರಾಡುತ್ತಿತ್ತು. ಮೂರು ವರ್ಷ ತುಂಬಿದರೂ ಹಾಗೆಯೇ ಇದ್ದಾಗ ಡಾಕ್ಟರು ಆಟಿಸಂ ಎಂದರು. ತರಬೇತಿ ಕೊಡುವ ಮೇಡಂ ಒಬ್ಬರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾಲೀಸು ತೋರಿಸಿಕೊಟ್ಟರು. "ದಿನಾ ಅದೇ ಹೊತ್ತಿಗಿ, ಅವ್ವ ಅಪ್ಪನೇ ಮಾಡ್ಬೇಕ್ರಿ. ಕಚಗುಳಿ ಇಟ್ಟಂಗ ಮುಟ್‌ಬ್ಯಾಡ್ರಿ, ಅಂಗೈ ಪೂರಾ ಊರಿ ಒತ್ರಿ. ಇದ್ರಿಂದ ಮಾತ್ ಬರ್ತದಂತ ನಾ ಹೇಳಂಗಿಲ್ರಿ. ಮುಟ್ಟಿದ್ರ ತಡಕೊಂಡ್ರ ಅದೇ ದೊಡ್ಡದು" ಎಂದರು. ನಮ್ಮವರಿಗೆ ಅದೇ ಹಟವಾಯಿತು. ಮಗ ಮಾತಾಡದಿದ್ದರೂ ಸರಿ, ಮುಟ್ಟಿಸಿಕೊಳ್ಳಬೇಕು.

ಊರಿಂದ ಅತ್ತೆ ಕಂಬಳಿ ತಂದರು. ಆ ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಕರಿ ಕಂಬಳಿಯ ಮೇಲೆಯೇ ಎಣ್ಣೆ ಹಚ್ಚಿಸಿಕೊಂಡು ಬೆಳೆದವು. ನಮ್ಮವರೂ ಅಷ್ಟೆ. ಕಂಬಳಿ ಎಂದರೆ ಅವರಿಗೆ ದೇವರ ಸಮಾನ. ಅದರ ಮೇಲೆ ಮಲಗಿಸಿದ್ದೇ ಮಾಳು ಚೀರಿದ ಚೀರಾಟ, ಅಯ್ಯೋ ಶಿವನೇ, ಕೇಳಲಾಗುತ್ತಿರಲಿಲ್ಲ. ನಾನು ಭುಜ ಹಿಡಿಯುವುದು, ಇವರು ಒತ್ತುವುದು, ಅವನು ಗೋಡೆಗೆ ತಲೆ ಚಚ್ಚಿಕೊಳ್ಳುವುದು. "ಹೊಸ ಕುರಿ ಹಿಂಗೇ ಕೊಸರಾಡ್ತದ, ರೂಢಿ ಆಗ್ತದ ತಗೋ" ಎನ್ನುವರು. ಆದರೆ ಅವರ ಹಣೆಯೂ ಬೆವರುತ್ತಿತ್ತು. ದಿನವೂ ಸೋತು ಏಳುತ್ತಿದ್ದೆವು.

ಮಳೆಗೆ ಸೂರು ಸೋರಿ ಒಂದು ದಿನ ಕಂಬಳಿ ತೊಯ್ದುಹೋಯಿತು. ಬೇರೆ ಗತಿ ಇಲ್ಲದೆ ನನ್ನ ಹಳೆಯ ಸೀರೆಯನ್ನು ಮಡಚಿ ಹಾಸಿದೆ. ಇವರು ಕಾಲಿಗೆ ಎಣ್ಣೆ ಹಚ್ಚಿದರು. ಚೀರಾಟವಿಲ್ಲ. ಎದೆಗೆ ಹಚ್ಚಿದರು, ಅಂಗೈ ಊರಿ ಒತ್ತಿದರು. ಮಾಳು ಫ್ಯಾನು ನೋಡುತ್ತ ಬಿದ್ದುಕೊಂಡಿದ್ದ. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಆ ಮೀಸೆಯ ಮನುಷ್ಯ ಹೋ ಎಂದು ಅತ್ತುಬಿಟ್ಟರು. "ಕಂಬಳಿ ಚುಚ್ಚತಿತ್ತಲ್ಲೇ ಅದಕ! ಇಷ್ಟ್ ದಿನ ನನ್ ಮಗಗ ಮುಳ್ಳಿನ ಮ್ಯಾಲ ಮಲಗ್ಸಿದ್ವಲ್ಲೇ ನಾವು!"

ಅಂದಿನಿಂದ ಹೊತ್ತು ತಪ್ಪಿಸಿದವರಲ್ಲ. ಒತ್ತುತ್ತ ಒತ್ತುತ್ತ ಗೋದಾಮಿನ ಸುದ್ದಿಯನ್ನೆಲ್ಲ ಅವನಿಗೆ ಹೇಳುವರು. ಯಾವ ಲಾರಿ ಬಂತು, ಯಾರ ಚೀಲ ಹರಿಯಿತು, ಯಾರು ಯಾರಿಗೆ ಬೈದರು, ಒಂದೂ ಬಿಡುತ್ತಿರಲಿಲ್ಲ. "ಅಂವ ಏನ್ ನಿಮ್ ಹಮಾಲರ ಮುಕದ್ದಮ್ ಏನ್ರಿ, ಎಲ್ಲಾ ಲೆಕ್ಕ ಒಪ್ಪಸ್ಲಕ್ಕ?" ಎಂದರೆ, "ನಿನಕಿನ ಛಲೋ ಕೇಳ್ತಾನ. ನಡಕ್ ಬಾಯಿ ಹಾಕಂಗಿಲ್ಲ" ಎನ್ನುವರು. ನಾನು ಸಿಟ್ಟಿಗೆದ್ದಂತೆ ಮಾಡಿ ಒಳಗೆ ಹೋಗಿ ನಗುತ್ತಿದ್ದೆ.

ಒಂದು ಸಂಜೆ ಇವರು ಕುಳಿತಿದ್ದೇ ತಡ, ಮಾಳು ತಾನಾಗಿಯೇ ಬಂದು ಮುಂದೆ ಅಂಗಾತ ಮಲಗಿ, ಕಾಲೆತ್ತಿ ಅವರ ಅಂಗೈ ಮೇಲಿಟ್ಟ. ಇವರು ಉಸಿರು ಬಿಗಿಹಿಡಿದು ಒತ್ತಿ ಮುಗಿಸಿ, ಎಣ್ಣೆಗೈಯಲ್ಲೇ ಓಣಿಗೆ ಓಡಿದರು. "ಇವತ್ತ ನನ್ ಮಗ…" ಎನ್ನುವಷ್ಟರಲ್ಲಿ ಪಕ್ಕದ ಮನೆಯವರು, "ಮಾತ್ ಬಂತೇನ್ರಿ?" ಎಂದರು. "ಇಲ್ರಿ. ಕಾಲ್ ಕೊಟ್ಟ." ಅವರಿಗೆ ಏನು ತಿಳಿಯಬೇಕು? ನಕ್ಕು ಒಳಗೆ ಹೋದರು. ಇವರು ಮಾತ್ರ ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ನನಗೆ ಅವನು ಕಾಲು ಕೊಡಲಿಲ್ಲ. ಅದೇ ಎಣ್ಣೆ, ಅದೇ ಸೀರೆ, ಅವರು ಕೂತ ಜಾಗದಲ್ಲೇ ಕೂತರೂ ನನ್ನ ಕೈ ತಾಕಿದ ಕೂಡಲೇ ಎಳೆದುಕೊಳ್ಳುತ್ತಿದ್ದ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. "ನಿನ್ ಕೈಗಿ ಅವಸರ ಭಾಳ. ನಿನಗೂ ಕೊಡ್ತಾನ ತಡಿ" ಎಂದು ಸಮಾಧಾನ ಹೇಳುವರು. ಈ ಲೋಕದಲ್ಲಿ ನನ್ನ ಮಗ ತಡೆದುಕೊಳ್ಳುವ ಕೈ ಅದೊಂದೇ ಆಗಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹೋದ ವರ್ಷ ಗೋದಾಮಿನಲ್ಲಿ ಎದೆ ಹಿಡಿದುಕೊಂಡು ಕುಸಿದವರು ಆಸ್ಪತ್ರೆಯನ್ನೂ ಮುಟ್ಟಲಿಲ್ಲ. ಸಂತಪುರಕ್ಕೆ ತಂದೆವು. ನಮ್ಮಲ್ಲಿ ಹೋದವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಹೂವು ಹಾಕಿ ಕೂರಿಸಿದ್ದರು. ಭಜನೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಮಾಳು ಹಗ್ಗ ಹೆಣೆದ ಹೊರಸಿನ ಕೆಳಗೆ ಸೇರಿಕೊಂಡಿದ್ದ. ಹೊತ್ತು ಇಳಿಯಿತು. ದಿನಾ ಎಣ್ಣೆ ಹಚ್ಚುವ ಹೊತ್ತಿಗೆ ಸರಿಯಾಗಿ ಅವನೇ ಹೊರಗೆ ಬಂದ. ಜನರ ನಡುವೆ ನುಸುಳಿ ಅಪ್ಪನ ಮುಂದೆ ಅಂಗಾತ ಮಲಗಿ, ಕಾಲೆತ್ತಿ ಅವರ ತೊಡೆಯ ಮೇಲಿಟ್ಟ.

"ಏ, ಹೆಣಕ್ಕ ಕಾಲ್ ಹಚ್ಚಲತ್ತಾನ! ಎಳೀರಿ ಅವಗ!" ಎಂದು ಯಾರೋ ಕೂಗಿದರು. ನಮ್ಮ ಭಾವ ಬಂದು ರಟ್ಟೆ ಹಿಡಿದು ಎಳೆದರು. ಚೀರಿ ಕೊಸರಿಕೊಂಡು ಮತ್ತೆ ಅಲ್ಲಿಯೇ ಮಲಗಿದ. "ಬಿಡ್ರಿ ಭಾವಾರ, ಅವಮಾನ ಮಾಡ್ಲತ್ತಿಲ್ರಿ ಅಂವ. ಕಾಲ್ ಕೊಡ್ಲತ್ತಾನ್ರಿ" ಎಂದು ನಾನು ಅಳುತ್ತ ಹೇಳಿದೆ. ಗಂಡ ಸತ್ತವಳ ಮಾತಿಗೆ ಅರ್ಥ ಹುಡುಕುವವರು ಯಾರು? ಮಾಳು ಅಪ್ಪನ ಕೈಯನ್ನು ಎರಡೂ ಕೈಯಿಂದ ಎತ್ತಿ ತನ್ನ ಕಾಲ ಮೇಲಿಟ್ಟುಕೊಂಡ. ಅದು ಜಾರಿ ಬಿತ್ತು. ಮತ್ತೆ ಇಟ್ಟುಕೊಂಡ. ಮತ್ತೆ ಜಾರಿತು.

ನನಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಹೋಗಿ ಕುಳಿತು, ಆ ತಣ್ಣಗಿನ ಕೈಯನ್ನು ಅವನ ಕಾಲ ಮೇಲಿಟ್ಟು, ಮೇಲೆ ನನ್ನ ಕೈ ಇಟ್ಟು ಒತ್ತಿದೆ. ಅಂಗೈ ಪೂರಾ ಊರಿ, ಅವಸರ ಮಾಡದೆ ಒತ್ತಿದೆ. ಅವನು ಕಾಲು ಎಳೆದುಕೊಳ್ಳಲಿಲ್ಲ. ಹೊರಗೆ ಗಂಡಸರು ಹೊತ್ತಾಯಿತು, ಎತ್ತೋಣ ಎನ್ನುತ್ತಿದ್ದರು. ಇನ್ನೊಂದು ಕಾಲು ಉಳಿದಿದೆ, ತಡೆಯಿರಿ ಎಂದು ಕೈಮುಗಿಯಬೇಕೆಂದರೆ ನನ್ನ ಕೈಗೆ ಬಿಡುವಿರಲಿಲ್ಲ.