ಹಣೆಯ ಮೇಣ, ಡಬ್ಬಿಯ ಕುಂಕುಮ

ಹೊಸದೆಂದು ಪೇಟೆಂಟ್ ಕೇಳುವ ವಸ್ತು ಮೊದಲೇ ಇತ್ತೋ ಇಲ್ಲವೋ ಎಂದು ಹುಡುಕಿ ಹೇಳುವುದು ನನ್ನ ಕೆಲಸ. ಮಸ್ಕಿಯ ಬಳೆ ಅಂಗಡಿಯ ಶರಣಪ್ಪನವರು ಬೆವರಿಗೆ ಇಳಿಯದ ಕುಂಕುಮ ಮಾಡಿ ನನ್ನನ್ನು ಕರೆಸಿದ್ದರು. ಕುಂಕುಮದ ಕಣಕಣಕ್ಕೂ ಜೇನುಮೇಣ ಹಿಡಿಸುವುದೇ ಅವರ ಗುಟ್ಟು.

ಚಹಾ ತಂದ ಅವರ ತಾಯಿ ನಕ್ಕುಬಿಟ್ಟರು. "ಇದೇನ್ ಹೊಸಾದಪ್ಪ? ನಮ್ಮ ತವರಾಗ ಹಣಿಗೆ ಮೊದಲು ಮೇಣ ಹಚ್ಚಿ, ಮ್ಯಾಲೆ ಕುಂಕುಮ ಇಟ್ಕೋತಿದ್ವಿ. ಗದ್ದ್ಯಾಗ ದಿನಪೂರ್ತಿ ನಾಟಿ ಹಚ್ಚಿದ್ರೂ ಇಳೀತಿದ್ದಿಲ್ಲ."

ಶರಣಪ್ಪನವರ ಮುಖ ಸಪ್ಪಗಾಯಿತು.

"ಗಾಬರಿ ಆಗಬ್ಯಾಡ್ರಿ," ಅಂದೆ. "ಅಮ್ಮಾರದು ಮೇಣ ಕೆಳಗ, ಕುಂಕುಮ ಮ್ಯಾಲೆ. ನಿಮ್ಮದರಾಗ ಎರಡೂ ಡಬ್ಬ್ಯಾಗೇ ಒಂದಾಗ್ಯಾವ. ಕಾನೂನಿನ ಲೆಕ್ಕದಾಗ ಇದು ಹೊಸಾದೇ."

ಅವರು ಉಸಿರು ಬಿಡುವಷ್ಟರಲ್ಲಿ ತಾಯಿ ನನ್ನತ್ತ ತಿರುಗಿದರು. "ಎರಡು ಸಲ ಹಚ್ಚೋದು ಬ್ಯಾಸರಾದ್ರ ಯಾರಾದ್ರೂ ಮೊದಲೇ ಕಲಸಿ ಇಡ್ತಾರ. ಅದಕ್ಕೇನು ಭಾರೀ ತಲಿ ಬೇಕೇನ್ರೀ?"

ಹೊಸದಾದರೆ ಸಾಲದು, ಕಸುಬು ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದೂ ಆಗಿರಬಾರದು. ಕಾನೂನಿನ ಆ ಮುಂದಿನ ಪ್ರಶ್ನೆಯನ್ನು ನಾನಿನ್ನೂ ಎತ್ತಿರಲೇ ಇಲ್ಲ.

"ಯವ್ವಾ, ಪೇಟೆಂಟ್ ಆಫೀಸಿನವರು ಬಂದ್ರ ನೀ ಮಾತ್ರ ಚಹಾ ತರಬ್ಯಾಡ," ಅಂದರು ಶರಣಪ್ಪ.

ನಾನಂತೂ ಇನ್ನೊಂದು ಕಪ್ ಕೇಳಿದೆ. ಅಮ್ಮನ ಮಾತಿನಲ್ಲೇ ನನ್ನ ವರದಿ ಅರ್ಧ ಮುಗಿದಿತ್ತು.