ಎರಡನೇ ಮುಖ ಯಾರದು?

"ಎರಡನೇ ಮುಖ ಕಾಣುತ್ತಿದೆ" ಎಂದು ಫೋನಿನ ತೆರೆ ಕೆಂಪಾಯಿತು. ನನ್ನ ಎಂ.ಎ. ಕೊನೆಯ ಪತ್ರಿಕೆ ಅಲ್ಲಿಗೇ ನಿಂತಿತು.

ಜಗಳೂರಿನ ಗೆಳತಿಯರೇ, ಮದುವೆಯಾಗಿ ತ್ಯಾವಣಿಗೆಗೆ ಬಂದ ಮೇಲೆ ನನ್ನ ಕಾಲೇಜು ಅಂಗೈಯಗಲದ ಈ ಫೋನೇ. ಪಾಠ, ಹಾಜರಿ, ಪರೀಕ್ಷೆ ಎಲ್ಲ ಅದರಲ್ಲೇ. ಪರೀಕ್ಷೆ ಮುಗಿಯುವವರೆಗೂ ಅದರ ಕ್ಯಾಮೆರಾಕ್ಕೆ ನನ್ನ ಮುಖವೊಂದೇ ಕಾಣಬೇಕು. ಮೊದಮೊದಲು ಅದನ್ನು ಶಪಿಸಿದೆ, ಆಮೇಲೆ ಅಪ್ಪಿಕೊಂಡೆ. ಈ ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವುದು ಅದೊಂದೇ. ಉಳಿದವರಿಗೆ ನಾನು ಜಗಳೂರಿನ ಸೊಸೆ. ಈ ವರ್ಷ ಪಾಸಾಗದಿದ್ದರೆ ಓದು ಸಾಕು ಎಂದು ಮನೆಯಲ್ಲಿ ಮಾತಾಗಿತ್ತು.

ಜಗಳೂರಿನ ಬರದಲ್ಲಿ ಕೊಡ ಹೊತ್ತು ಅಲೆದವಳಿಗೆ ಇಲ್ಲಿನ ನೀರು ಸ್ವರ್ಗವೇ ಸರಿ. ಆದರೆ ಒಬ್ಬಳೇ ಕೂರಲು ಜಾಗವಿಲ್ಲ. ನಡುಮನೆ ತುಂಬ ಅಡಿಕೆ ಸುಲಿಯುವ ಹೆಂಗಸರು. ನನ್ನ ಬೆರಳಿಗೂ ಚೊಗರು ಅಂಟಿದೆ. ಅಡಿಕೆ ಬೇಯಿಸಿದ ಕೆಂಪು ನೀರಿಗೆ ಇಲ್ಲಿ ಹಾಗೆನ್ನುತ್ತಾರೆ. ತವರಲ್ಲಿ ನಾನು ಕದ ಹಾಕಿ ಓದಿದರೆ ಅವ್ವ ಹೊರಗೆ ಕಾವಲು ಕೂರುತ್ತಿದ್ದಳು. ಇಲ್ಲಿ ಹಗಲು ಕದ ಹಾಕಿಕೊಂಡ ಸೊಸೆ ಮುನಿಸಿಕೊಂಡಿದ್ದಾಳೆ ಎಂದೇ ಅರ್ಥ. ಮೊದಲ ಪತ್ರಿಕೆಯ ದಿನ ಚಿಲಕ ಹಾಕಿದ್ದಕ್ಕೆ ಅತ್ತೆ ಮಾತು ಬಿಟ್ಟಿದ್ದರು. ಹಾಗಾಗಿ ಈ ಸಲ ಕದ ಸುಮ್ಮನೆ ಮುಂದೆ ಮಾಡಿ ಕೂತೆ.

ಅತ್ತೆಗೆ ಅದು ಹಿಡಿಸಿತೇನೋ. ಟೀ ಲೋಟ ಹಿಡಿದು ಬಂದು ನನ್ನ ಹೆಗಲ ಮೇಲೆ ಬಗ್ಗಿದರು.

"ಆಗ್ಲಿಂದ ಅದ್ನೇ ನೋಡ್ಕಂಡು ಕುಂತೀಯ, ಬಾಯಿ ಒಣಗಿರ್ತೈತೆ. ಒಂದು ಗುಟುಕು ಕುಡಿಯವ್ವ."

ಅವರು ನನ್ನನ್ನು ಅವ್ವ ಎಂದಿದ್ದು ಅದೇ ಮೊದಲು. ಅಷ್ಟರಲ್ಲಿ ತೆರೆ ಕೆಂಪಾಯಿತು.

"ಯಾಕವ್ವ, ನಾನೇನಾರ ಮುಟ್ಟಬಾರದ್ದು ಮುಟ್ಟಿದ್ನಾ?"

"ಇಲ್ರೀ ಅತ್ತೆ, ನೀವೇನೂ ಮಾಡಿಲ್ಲ" ಎಂದೆ. ಯಾರ ಮೇಲೆ ಸಿಟ್ಟಾಗಲಿ ಹೇಳಿ?

ಜಗಳೂರಿಗೆ ಫೋನು ಮಾಡಿ ಅವ್ವನ ಹತ್ತಿರ ಕಣ್ಣೀರಿಟ್ಟೆ.

"ಇಲ್ಲಿಗೇ ಬಂದು ಬರೆದಿದ್ರೆ ಆಗ್ತಿತ್ತಲ್ಲೇ" ಎಂದಳು ಅವ್ವ.

"ಎಲ್ಲಿ ಕೂರ್ಲವ್ವ?"

ನನ್ನ ಕೋಣೆ ಈಗ ತಮ್ಮನ ಹೆಂಡತಿಯದು.

ಫೋನು ವಿವರಣೆ ಕೇಳುತ್ತಿದೆ: ಆ ಮುಖ ಯಾರದು? ಹೊರಗಿನವರೆಂದರೆ ನಕಲು ಮಾಡಿದಂತೆ. ಮನೆಯವರೆಂದರೆ ಮರುಪರೀಕ್ಷೆ ಸಿಕ್ಕರೂ ಸಿಗಬಹುದು, ಖಾತ್ರಿಯಿಲ್ಲ. "ನಮ್ಮ ಮನೆಯ ಹಿರಿಯರು" ಎಂದು ಒತ್ತುವಾಗ ಬೆರಳು ತಡವರಿಸಿತು. ಇಷ್ಟು ದಿನ ನಮ್ಮ ಮನೆ ಎಂದರೆ ನನಗೆ ಜಗಳೂರೇ ಆಗಿತ್ತು.

"ಟೀ ಆರೋಯ್ತು, ಬಿಸಿ ಮಾಡ್ಲೇನವ್ವ?"

ಅತ್ತೆಯ ದನಿ. ಒಳಗೆ ಬರಲಿಲ್ಲ. ಚಿಲಕ ಹಾಕದ ಕದದಾಚೆಯೇ ನಿಂತಿದ್ದರು.